ಶಾಲೆಯ ಹಕ್ಕು ಕೊಟ್ಟವರು ಶಾಲೆಗೆ ಕೊಟ್ಟದ್ದೇನು?



ಬಡವರ ಪರವೆಂದು ಹೇಳಿಕೊಂಡು ತುಸು ಎಡಕ್ಕೆ ವಾಲುವ ಸರ್ಕಾರಗಳಿಂದ ಸಾರ್ವಜನಿಕ ಸೇವೆಗಳಿಗೆ ಒಳಿತೋ ಕೆಡುಕೋ? ಕೇಂದ್ರದ ಯುಪಿಎ ಸರ್ಕಾರವು 2009ರಲ್ಲಿ ತಂದ ಶಿಕ್ಷಣ ಹಕ್ಕು ಕಾಯ್ದೆಯನ್ನೇ ನೋಡೋಣ. 6ರಿಂದ 14 ವರ್ಷದ ಮಕ್ಕಳಿಗೆಲ್ಲ ಉಚಿತ, ಕಡ್ಡಾಯ ಶಿಕ್ಷಣವು ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕಾಯಿತು. ಮಾರುಕಟ್ಟೆಯನ್ನೇ ನಂಬಿದವರು ಇಂಥ ಕಾಯ್ದೆ ಬರೆಯುತ್ತಿರಲಿಲ್ಲವೆಂದು ನನ್ನ ಎಣಿಕೆ.

ಆದರೆ ಅದರದೇ 12ನೆಯ ಕಲಮು, ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು, ವೆಚ್ಚವನ್ನು ಸರ್ಕಾರ ಭರಿಸಬೇಕು ಎಂದಿತು. ಉಳ್ಳವರ ಮಗುವಿನ ಪಕ್ಕದಲ್ಲಿ ಕೂಲಿಕಾರರ ಮಗುವೂ ಕೂರಲಿ ಎಂಬುದು ಉದ್ದೇಶ. ಆದದ್ದೇನು? ಸರ್ಕಾರಿ ಶಾಲೆಗೆ ಬರಬೇಕಾದ ಮಗು ಖಾಸಗಿ ಶಾಲೆಗೆ ಹೋಯಿತು. ಅದರ ಹಿಂದೆಯೇ ಬೊಕ್ಕಸದ ಹಣವೂ ಹೋಯಿತು. ಪಟ್ಟಣದ ದೊಡ್ಡ ಶಾಲೆ ಇದನ್ನು ತಡೆದುಕೊಂಡೀತು. ಹಳ್ಳ ದಾಟಿ ಹನ್ನೆರಡು ಮಕ್ಕಳು ಬರುವ ಗುಡ್ಡದ ಶಾಲೆಯಿಂದ ಐವರು ಹೋದರೆ, ಅದನ್ನು ಪಕ್ಕದೂರಿನ ಶಾಲೆಯೊಡನೆ ವಿಲೀನಗೊಳಿಸುವ ಮಾತು ಬರುತ್ತದೆ. ಉಳಿದ ಏಳು ಮಕ್ಕಳು ಮಳೆಗಾಲದಲ್ಲಿ ಯಾವ ಸಂಕ ದಾಟಬೇಕು?

ಕರ್ನಾಟಕವು 2019ರಲ್ಲಿ ನಿಯಮ ತಿದ್ದಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದಿತು. ನನಗದು ಸರಿಯೆಂದೇ ತೋರುತ್ತದೆ. ಆದರೆ ಅರ್ಧ ಕೆಲಸ. ಮಕ್ಕಳನ್ನು ಹೊರಗೆ ಕಳಿಸುವ ದಾರಿ ಮುಚ್ಚಿದ ಮಾತ್ರಕ್ಕೆ ಊರ ಶಾಲೆಗೆ ಮೇಷ್ಟರು ಬರುವುದಿಲ್ಲ. ಈ ಸಲದ ಎಸ್‌ಡಿಎಂಸಿ ಸಭೆಯಲ್ಲಿ ಖಾಲಿ ಹುದ್ದೆಗಳ ಲೆಕ್ಕವನ್ನೇ ಮೊದಲು ಕೇಳಿರಿ.