ನಿಂತ ಮಗ್ಗದ ಕೂಲಿ



ವ್ಯರ್ಥವನ್ನು ತಗ್ಗಿಸುವ ಲೀನ್ ಉತ್ಪಾದನಾ ಪದ್ಧತಿಗೆ ಒಂದು ಕಾರ್ಖಾನೆ ಎಷ್ಟು ಸಿದ್ಧವಾಗಿದೆ ಎಂದು ಅಳೆಯುವ ಪ್ರಶ್ನಾವಳಿಗಳ ಮೇಲೆ ವರ್ಷಗಟ್ಟಲೆ ದುಡಿದವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನಿಮ್ಮೆದುರು ನಾನು ಆ ಪಟ್ಟಿ ಓದಬಾರದು. ಮಾಲೀಕರ ಬದ್ಧತೆ, ತರಬೇತಿ, ಕೆಲಸಗಾರರ ಮನೋಭಾವ ಎಲ್ಲಕ್ಕೂ ಅಂಕ ಹಾಕುತ್ತೇವೆ. ಕೂಲಿಯ ಲೆಕ್ಕ ಹೇಗೆ ಎಂದು ಮಾತ್ರ ಕೇಳಲು ಮರೆಯುತ್ತೇವೆ. ನಾವು ದಾರಿ ತಪ್ಪಿದ್ದು ಅಲ್ಲೇ ಎಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ.

ಈ ಮಾತಿಗೆ ವಿದ್ಯುತ್ ಮಗ್ಗಗಳ ಊರಾದ ಈ ಭಿವಂಡಿಗಿಂತ ತಕ್ಕ ಜಾಗವಿಲ್ಲ. ಲೀನ್ ಅಂದರೆ ಕಾರು ಎನ್ನುತ್ತೇವೆ. ಅದರ ಬೇರಿರುವುದು ಮಗ್ಗದಲ್ಲಿ. ಸಾಕಿಚಿ ಟೊಯೊಡಾ ಅವರ 1924ರ ಜಿ ಮಾದರಿಯ ಮಗ್ಗ ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಲೀನ್‌ಗೆ ಮೂಲವಾದ ಟೊಯೊಟಾ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ 1932ರಲ್ಲಿ ಕೆಲಸಕ್ಕೆ ಸೇರಿದ್ದೂ ಟೊಯೊಡಾ ಅವರ ನೂಲು-ನೇಯ್ಗೆ ಕಂಪನಿಗೆ. ತಪ್ಪು ಕಂಡ ಕೂಡಲೇ ನಿಲ್ಲಿಸು ಎಂಬ ವಿದ್ಯೆ ನೇಕಾರರ ಮನೆಯದು.

ಅದೇ ವಿದ್ಯೆ ಇಲ್ಲಿಗೂ ಬಂತು. 2017ರ ಪವರ್‌ಟೆಕ್ಸ್ ಇಂಡಿಯಾ ಯೋಜನೆಯಲ್ಲಿ, ಹಾಸಿನ ಎಳೆ ಹರಿದರೆ ಸಾದಾ ಮಗ್ಗವನ್ನು ನಿಲ್ಲಿಸುವ ಸಲಕರಣೆಗೂ ಸಬ್ಸಿಡಿ ಇತ್ತು. ಇಲ್ಲಿಯ ಒಂದು ಶೆಡ್ಡಿನಲ್ಲಿ ಅದನ್ನು ನೋಡಲು ಹೋದೆ. ಎಳೆಗಳ ಮೇಲೆ ತೆಳು ತಗಡಿನ ಪಟ್ಟಿಗಳು ಸಾಲಾಗಿ ಕೂತಿದ್ದವು. ಎಳೆ ಹರಿದರೆ ಪಟ್ಟಿ ಕೆಳಗೆ ಬಿದ್ದು ಕರೆಂಟಿನ ಸರಳು ಮುಟ್ಟಬೇಕು, ಮಗ್ಗ ನಿಲ್ಲಬೇಕು. ನನ್ನ ಕಣ್ಣೆದುರಿಗೇ ಒಂದು ಪಟ್ಟಿ ಬಿತ್ತು. ಲಾಳಿ ಓಡುತ್ತಲೇ ಇತ್ತು. ಬಗ್ಗಿ ನೋಡಿದರೆ ವೈರು ಬಿಚ್ಚಿ, ತುದಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿತ್ತು.

ಆ ಮಗ್ಗ ನಡೆಸುತ್ತಿದ್ದವರು ತೆಲಂಗಾಣದವರು, ನನಗಿಂತ ಹಿರಿಯರು. ಮುಚ್ಚಿಡಲಿಲ್ಲ. ಮೀಟರಿನ ಲೆಕ್ಕದಲ್ಲಿ ಕೂಲಿ, ನಿಂತ ಹೊತ್ತಿಗೆ ಯಾರು ಕೊಡುತ್ತಾರೆ ಎಂದು ಕೇಳಿದರು. ಮಾಲೀಕರನ್ನು ಕೇಳಿದೆ. ನೂಲು ಕೊಡುವ ವ್ಯಾಪಾರಿ ತನಗೂ ಮೀಟರಿನ ಲೆಕ್ಕದಲ್ಲೇ ಮಜೂರಿ ಕೊಡುವುದು ಎಂದರು. ಇಬ್ಬರ ಮಾತೂ ನಿಜ. ಆ ಟ್ಯೂಬಿನ ಚೂರನ್ನು ‘ಬದಲಾವಣೆಗೆ ಪ್ರತಿರೋಧ’ ಎಂದು ಬರೆದುಕೊಂಡು ಬರುವುದು ಆ ಹಿರಿಯರಿಗೆ ಮಾಡುವ ಅನ್ಯಾಯ. ಅವರ ಲೆಕ್ಕ ಸರಿಯಾಗಿಯೇ ಇತ್ತು.

2023ರಲ್ಲಿ ಹೊಸ ರೂಪ ಪಡೆದ ಕಿರು, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಲೀನ್ ಯೋಜನೆಯಲ್ಲಿ ಸಲಹೆಗಾರರ ಶುಲ್ಕದ ಶೇ. 90ನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಒಳ್ಳೆಯದೇ, ನಮ್ಮಲ್ಲಿ ಹಲವರಿಗೆ ಅದರಿಂದ ಕೆಲಸ ಸಿಕ್ಕಿದೆ. ಆದರೆ ನಿಂತ ಮಗ್ಗದ ಕೂಲಿ ವ್ಯಾಪಾರಿಯದೋ, ಮಾಲೀಕರದೋ, ಸರ್ಕಾರದ್ದೋ? ದಿನಗೂಲಿ ಕೊಟ್ಟರೆ ಸಾಕು ಎಂದು ಒಮ್ಮೆ ನಂಬಿದ್ದೆ. ನಾಲ್ಕು ಮಗ್ಗದ ಮಾಲೀಕ ಅದನ್ನು ಎಲ್ಲಿಂದ ತಂದಾನು? ಇಷ್ಟು ವರ್ಷವಾದರೂ ನನಗೆ ಉತ್ತರ ಸಿಕ್ಕಿಲ್ಲ.

ಮಧ್ಯಾಹ್ನದ ಗೋಷ್ಠಿಗೆ ಮಗ್ಗದ ಮಾಲೀಕರು ಬರುತ್ತಿದ್ದಾರೆ. ನಿಮ್ಮ ನಮೂನೆ ಅವರ ಕೈಗಿಡುವ ಮೊದಲು ನಿಂತ ಹೊತ್ತಿನ ಕೂಲಿ ಯಾರದು ಎಂಬ ಈ ಒಂದನ್ನು ದಯವಿಟ್ಟು ಕೇಳಿ. ಮಗ್ಗ ನಡೆಸುವವರು ಯಾರಾದರೂ ಬಂದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.