ಒಂದೇ ಇನ್‌ಪುಟ್, ಮೂರು ಕಮ್ಯಾಂಡ್: ಟೀ ಬಳಸೋದು ಹೇಗೆ?

ಕೋಪರಖೈರಣೆಯಿಂದ ಮಾತಾಡ್ತಿದ್ದೀನಿ. ಸ್ಕ್ರಿಪ್ಟ್ ಬರೆಯೋರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗೋ ಪ್ರಶ್ನೆ ಇವತ್ತಿನದು: ಒಂದೇ ಇನ್‌ಪುಟ್ಟನ್ನು ಹಲವು ಕಮ್ಯಾಂಡ್‌ಗಳಿಗೆ ಕೊಡೋದು ಹೇಗೆ?

ಕನ್ನಡ ವಿಕಿಪೀಡಿಯದ ಡಂಪ್ ಫೈಲನ್ನೇ ತಗೊಳ್ಳಿ. ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದು. ಜೊತೆಗೆ ಚೆಕ್‌ಸಮ್ಮೂ ಇರುತ್ತೆ. ನಮಗೆ ಮೂರು ಕೆಲಸ ಆಗಬೇಕು: ಫೈಲ್ ಉಳಿಸೋದು, ಚೆಕ್‌ಸಮ್ ತಾಳೆ ನೋಡೋದು, ಬಿಚ್ಚಿ ಅಕ್ಷರ ಎಣಿಸೋದು. ಇದಕ್ಕೆ ಕರ್ಲ್ ಕಮ್ಯಾಂಡನ್ನು ಮೂರು ಸಲ ಓಡಿಸೋರಿದ್ದಾರೆ. ಡೇಟಾ ಖರ್ಚಾಗೋದು ಹಾಗಿರಲಿ, ಅಸಲು ತೊಂದರೆ ಬೇರೆ. 'ಲೇಟೆಸ್ಟ್' ಅನ್ನೋ ಹೆಸರಿನ ಫೈಲು ಹೊಸ ಡಂಪ್ ಬಂದಾಗ ಬದಲಾಗುತ್ತೆ. ಇಲ್ಲವೇ ಒಂದು ಡೌನ್‌ಲೋಡ್ ಅರ್ಧಕ್ಕೇ ನಿಂತಿರುತ್ತೆ. ಆಗ ಪರೀಕ್ಷೆ ಮಾಡಿದ್ದು ಒಂದು, ಎಣಿಸಿದ್ದು ಇನ್ನೊಂದು. ಚೆಕ್‌ಸಮ್ ಸರಿ ಬಂದ್ರೂ ಎಣಿಕೆಯನ್ನು ನಂಬೋಕಾಗಲ್ಲ.

ಸರಿ, ಒಂದೇ ಪೈಪಿನ ಮುಂದೆ ಎರಡು ಕಮ್ಯಾಂಡ್ ಸಾಲಾಗಿ ಇಟ್ರೆ? ಠಾಣೆಯಿಂದ ಬರೋ ನಮ್ಮ ಲೋಕಲ್ ತುರ್ಭೆ ದಾಟಿದ ಮೇಲೆ ವಾಶಿಗೆ ಹೋಗುತ್ತೆ, ಇಲ್ಲಾ ಪನ್ವೇಲ್ ಕಡೆಗೆ ಹೋಗುತ್ತೆ. ಒಂದೇ ಗಾಡಿ ಎರಡೂ ಕಡೆ ಹೋಗಲ್ಲ. ಪೈಪಿನ ಬೈಟುಗಳೂ ಹಾಗೇ. ಮೊದಲನೇ ಕಮ್ಯಾಂಡ್ ಕೊನೆವರೆಗೆ ಓದಿಬಿಟ್ರೆ ಎರಡನೆಯದಕ್ಕೆ ಸೊನ್ನೆ.

ಪೈಪ್ ಅನ್ನೋದು ಯೂನಿಕ್ಸ್‌ಗೆ ಬಂದದ್ದು 1973ರಲ್ಲಿ. ಡಗ್ಲಸ್ ಮೆಕ್‌ಇಲ್ರಾಯ್ ಅವರ ಯೋಚನೆ, ಕೋಡ್ ಬರೆದವರು ಕೆನ್ ಥಾಂಪ್ಸನ್. ಆ ಪೈಪಿಗೆ ಕವಲು ಹಾಕೋದೇ ಟೀ ಕಮ್ಯಾಂಡ್. ಕುಡಿಯೋ ಟೀ ಅಲ್ಲ, ಪ್ಲಂಬರ್ ಹಾಕೋ ಟೀ ಜಾಯಿಂಟು. ವ್ಯತ್ಯಾಸ ಇಷ್ಟೇ: ಅಲ್ಲಿ ನೀರು ಹಂಚಿಹೋಗುತ್ತೆ, ಇಲ್ಲಿ ಪ್ರತಿ ಕವಲಿಗೂ ಪೂರ್ತಿ ನಕಲು ಸಿಗುತ್ತೆ.

ಪರದೆ ಮೇಲಿರೋ ಸಾಲು ನೋಡಿ:

ಪ್ರಿಂಟ್‌ಎಫ್ 'ಕನ್ನಡ' | ಟೀ >(ಡಬ್ಲ್ಯೂಸಿ -ಸಿ > ಬೈಟ್) | ಡಬ್ಲ್ಯೂಸಿ -ಎಂ

ಯುಟಿಎಫ್-8 ಲೊಕೇಲ್ ಇದ್ರೆ 'ಬೈಟ್' ಫೈಲಲ್ಲಿ 15, ಪರದೆ ಮೇಲೆ 5. ಕಣ್ಣಿಗೆ ಮೂರೇ ಅಕ್ಷರ. ಆದ್ರೆ ಒತ್ತಕ್ಷರದೊಳಗೆ ಹಲಂತ ಚಿಹ್ನೆ ಒಂದು, ನಕಾರ ಎರಡು. ಹೀಗೆ ಐದು ಕೋಡ್ ಪಾಯಿಂಟು, ಒಂದೊಂದಕ್ಕೆ ಮೂರು ಬೈಟು.

ನಾಲ್ಕು ಎಚ್ಚರಿಕೆ. ಒಂದು, ಆವರಣದೊಳಗಿನ ಔಟ್‌ಪುಟ್ಟನ್ನು ಹೀಗೆ ಫೈಲಿಗೆ ತಿರುಗಿಸಿ. ಇಲ್ಲದಿದ್ರೆ ಆ '15' ಕೂಡ ಮುಂದಿನ ಪೈಪಿಗೆ ಹರಿದು ಎಣಿಕೆಗೆ ಸೇರಿಕೊಳ್ಳುತ್ತೆ. ಎರಡು, ಆವರಣದೊಳಗಿನ ಕೆಲಸ ಮುಗಿಯೋವರೆಗೂ ಬ್ಯಾಶ್ ಕಾಯುತ್ತೆ ಅಂದುಕೊಳ್ಳಬೇಡಿ. ತಕ್ಷಣ ಓದಿದ್ರೆ ಫೈಲ್ ಖಾಲಿ ಇರಬಹುದು. ಮೂರು, ಈ ಆವರಣದ ಸೌಲಭ್ಯ ಬ್ಯಾಶ್, ಝಡ್‌ಶೆಲ್‌ಗಳಲ್ಲಿದೆ, ಡ್ಯಾಶ್‌ನಲ್ಲಿಲ್ಲ. ಉಬುಂಟುವಿನ 'ಎಸ್‌ಎಚ್' 2006ರಿಂದ ಡ್ಯಾಶೇ. ಅಲ್ಲಿ ಎಂಕೆಫಿಫೊ ಬಳಸಿ, ಕಮ್ಯಾಂಡ್‌ಗಳನ್ನು ಹಿನ್ನೆಲೆಯಲ್ಲಿ ಓಡಿಸಿ, 'ವೇಟ್' ಹಾಕಿ. ಕಾಯೋ ಸಮಸ್ಯೆಯೂ ಇದರಲ್ಲೇ ತೀರುತ್ತೆ. ನಾಲ್ಕು, ಬ್ಯಾಶ್‌ನಲ್ಲಿ 'ಸೆಟ್ -ಒ ಪೈಪ್‌ಫೇಲ್' ಮರೆಯಬೇಡಿ. ಕರ್ಲ್ ಮಧ್ಯದಲ್ಲಿ ಸೋತರೂ ಕೊನೆಯ ಕಮ್ಯಾಂಡ್ ಗೆದ್ದರೆ ಸಾಕು, ಸ್ಕ್ರಿಪ್ಟ್ ಎಲ್ಲ ಸರಿಯಾಯ್ತು ಅಂದುಬಿಡುತ್ತೆ.

ಡಿಸ್ಕಲ್ಲಿ ಜಾಗ ಇದೆಯಾ? ಹಾಗಾದ್ರೆ ಇಷ್ಟೆಲ್ಲ ಬೇಡ. ಒಂದೇ ಸಲ ಇಳಿಸಿ, ಚೆಕ್‌ಸಮ್ ನೋಡಿ, ಆ ಫೈಲನ್ನೇ ಎಲ್ಲ ಕಮ್ಯಾಂಡ್‌ಗೂ ಕೊಡಿ. ಜಾಗ ಸಾಲದಿದ್ರೆ, ಅಥವಾ ಲಾಗ್ ಥರ ಹರಿದು ಬರ್ತಾ ಇರೋ ಡೇಟಾ ಆದ್ರೆ, ಟೀ. ದಾರಿ ಯಾವುದೇ ಇರಲಿ, ಮೂಲದಿಂದ ಓದೋದು ಒಂದೇ ಸಲ. ಆಗ ಮಾತ್ರ ಮೂರು ಉತ್ತರಗಳೂ ಒಂದೇ ಡೇಟಾದ ಬಗ್ಗೆ ಮಾತಾಡ್ತವೆ.

ನಿಮ್ಮ ಹಳೇ ಸ್ಕ್ರಿಪ್ಟ್ ತೆಗೆದು, ಕರ್ಲ್ ಎಷ್ಟು ಸಲ ಇದೆ ನೋಡಿ. ಮತ್ತೆ ಸಿಗೋಣ.