ಸೆಕೆಂಡಿಗೆ ಮೂರು ಹೆಜ್ಜೆ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)



ಈ ವಯಸ್ಸಿನಲ್ಲಿ ಇದೆಂಥ ಕುಣಿತ ಎಂದು ನಕ್ಕವರಿಗೇ ನನ್ನ ಮೊದಲ ಮಾತು. ಕೈಯಲ್ಲಿ ತಾಳ ಹಾಕುತ್ತಾ ತಕಿಟ, ತಕಿಟ ಎನ್ನಿ. ಮೊದಲಕ್ಷರಕ್ಕೆ ಒತ್ತು ಕೊಡಿ. ಚಿಕ್ಕಂದಿನಲ್ಲಿ ದೀಕ್ಷಿತರ ನೋಟುಸ್ವರ ‘ಶಕ್ತಿ ಸಹಿತ ಗಣಪತಿಂ’ ಹಾಡಿದವರಿಗೆ ಈ ತಿಶ್ರ ನಡೆ ಹೊಸದೇನಲ್ಲ. ವಾಲ್ಟ್ಸ್‌ನ ಎಣಿಕೆಯೂ ಇದೇ.

ಕಷ್ಟವಿರುವುದು ವೇಗದಲ್ಲಿ. ಸ್ಪರ್ಧೆಯ ವಿಯೆನ್ನೀಸ್ ವಾಲ್ಟ್ಸ್‌ಗೆ ನಿಮಿಷಕ್ಕೆ ಸುಮಾರು 60 ಆವರ್ತ, ಅಂದರೆ ಸೆಕೆಂಡಿಗೆ ಮೂರು ಹೆಜ್ಜೆ. ನಿಧಾನದ ವಾಲ್ಟ್ಸ್ ಇದರ ಅರ್ಧ ವೇಗದ್ದು. ಆರು ಹೆಜ್ಜೆಗೆ ಜೋಡಿ ಒಂದು ಸುತ್ತು ತಿರುಗಬೇಕು. ತಿರುಗುತ್ತಲೇ ಇಡೀ ಸಭಾಂಗಣವನ್ನೂ ಸುತ್ತಬೇಕು, ಅದೂ ನಮ್ಮ ಪ್ರದಕ್ಷಿಣೆಗೆ ವಿರುದ್ಧ ದಿಕ್ಕಿನಲ್ಲಿ! ಬಲಕ್ಕೆ ತಿರುಗುವುದು ಹೇಗೋ ಬಂದುಬಿಡುತ್ತದೆ. ಎಡಕ್ಕೆ ತಿರುಗುವಾಗ ಒಂದು ಪಾದ ಇನ್ನೊಂದರ ಮುಂದೆ ಅಡ್ಡ ಬರಬೇಕು. ನಾನು ಮುಗ್ಗರಿಸುವುದು ಅಲ್ಲೇ.

ಆಸ್ಟ್ರಿಯಾ, ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಲೆಂಡ್ಲರ್ ಎಂಬ ಜೋಡಿ ಕುಣಿತವಿತ್ತು, ಹಾರುವುದು, ಕಾಲು ಬಡಿಯುವುದು ಎಲ್ಲ ಸೇರಿ. ಅಂಥ ಕುಣಿತಗಳು ಪಟ್ಟಣದ ನುಣುಪು ನೆಲಕ್ಕೆ ಬಂದಾಗ ಹಾರುವುದು ಹೋಗಿ ಜಾರುವುದು ಬಂತು. ಅರಮನೆಯ ಮಿನುಯೆಟ್‌ನಲ್ಲಿ ಕೈಗೆ ಕೈ ತಾಗಿದರೆ ಹೆಚ್ಚು. ಇಲ್ಲೋ, ಸೊಂಟಕ್ಕೇ ಕೈ. ಗಯಟೆಯ 1774ರ ಕಾದಂಬರಿಯಲ್ಲಿ ಲೊಟ್ಟೆಯೊಡನೆ ವಾಲ್ಟ್ಸ್ ಆಡಿದ ವೆರ್ಥರ್, ತಾನು ಪ್ರೀತಿಸಿದ ಹುಡುಗಿ ಬೇರೊಬ್ಬನ ಜೊತೆ ಇದನ್ನು ಎಂದೂ ಆಡಕೂಡದು ಎಂದುಕೊಳ್ಳುತ್ತಾನೆ. 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಇದನ್ನು ಸೋಂಕು ಎಂದು ಕರೆದು, ನಿಮ್ಮ ಹೆಣ್ಣುಮಕ್ಕಳನ್ನು ದೂರವಿಡಿ ಎಂದು ಹೆತ್ತವರನ್ನು ಎಚ್ಚರಿಸಿತು. ಗಂಡುಮಕ್ಕಳಿಗೆ ಸೋಂಕು ತಗಲುವುದಿಲ್ಲವೇನೋ! ಈ ಮಾತನ್ನು ನಾವೂ ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿಯೇ ಬೆಳೆದವರು.

ಅಷ್ಟರಲ್ಲಿ 1814–15ರ ವಿಯೆನ್ನಾ ಕಾಂಗ್ರೆಸ್‌ಗೆ ಬಂದ ರಾಜತಂತ್ರಜ್ಞರ ಜೊತೆ ಕುಣಿತ ಯೂರೋಪೆಲ್ಲ ಹರಡಿತ್ತು. ಮುಂದೆ ಲಾನರ್, ಸ್ಟ್ರಾಸ್ ತಂದೆ–ಮಕ್ಕಳು ಅದಕ್ಕೆ ಸಂಗೀತ ಕೊಟ್ಟರು. ‘ನೀಲಿ ಡ್ಯಾನ್ಯೂಬ್’ 1867ರದು. ವಿಯೆನ್ನಾದ ವಾದ್ಯಗಾರರು ಎರಡನೆಯ ಪೆಟ್ಟನ್ನು ಕೂದಲೆಳೆಯಷ್ಟು ಮುಂಚೆ ಹಾಕುತ್ತಾರೆ. ಬರೆದ ಸ್ವರದಲ್ಲಿ ಅದು ಕಾಣುವುದಿಲ್ಲ.

ಇಂದು ಮುಖ್ಯವಾಗಿ ಎರಡು ಶೈಲಿಗಳಿವೆ. ಅಂತಾರಾಷ್ಟ್ರೀಯ ಶೈಲಿಯಲ್ಲಿ ಹಿಡಿತ ಬಿಡುವಂತಿಲ್ಲ, ಚಲನೆಗಳೂ ಬೆರಳೆಣಿಕೆಯಷ್ಟೇ. ಅಮೆರಿಕನ್ ಶೈಲಿಯಲ್ಲಿ ಕೈ ಬಿಡಬಹುದು, ತೋಳಿನಡಿ ಸುತ್ತಬಹುದು. ನೋಡಲು ಅದೇ ಚೆಂದ ಎನ್ನುವವರು ಬಹಳ. ನನಗೆ ಮೊದಲನೆಯದೇ ಇಷ್ಟ. ಅಲಂಕಾರ ಕಡಿಮೆಯಾದ್ದರಿಂದ ತಪ್ಪು ಮುಚ್ಚಿಡಲಾಗದು.

ಅರ್ಧ ಸುತ್ತು ಹೆಂಗಸು ಹಿಂದಕ್ಕೆ ಹೋಗುತ್ತಾಳೆ, ಬೆನ್ನ ಹಿಂದೆ ಯಾರಿದ್ದಾರೆಂದು ನೋಡದೆ. ಉಳಿದರ್ಧ ಅದೇ ಪಾಡು ಗಂಡಸಿನದು. ಆಗ ಅವನು ಅವಳನ್ನು ನಂಬಬೇಕು. ಇದು ನನಗೆ ಕಲಿತ ಮೇಲೆಯೇ ತಿಳಿದದ್ದು.

ಕಾಫಿ ಆದ ಮೇಲೆ ಕುರ್ಚಿ ಸರಿಸೋಣ. ಸೀರೆ ಉಟ್ಟವರು ನೆರಿಗೆ ಸ್ವಲ್ಪ ಮೇಲೆತ್ತಿ ಸಿಕ್ಕಿಸಿಕೊಳ್ಳಿ. ತಲೆ ಸುತ್ತಿದರೆ ಹೇಳಿ, ನಿಲ್ಲಿಸೋಣ.